ಟಪಾಲಪ್ಪನ ಐನೂರ ಅರವತ್ತೆರಡು ಕಾಗದ

ನಮ್ಮ ಕಟ್ಟಡದ ಮೂರನೆಯ ಮಹಡಿಯಲ್ಲಿ ಕಳ್ಳತನವಾಗಿದೆ ಎಂಬ ಸುದ್ದಿ ಒಂದು ಭಾನುವಾರ ಬೆಳಿಗ್ಗೆ ಹತ್ತೂ ಕಾಲಿಗೆ ಹೊರಟು, ಲಿಫ್ಟು ಕೆಟ್ಟು ನಿಂತಿದ್ದರೂ, ಹತ್ತು ಇಪ್ಪತ್ತಕ್ಕೆಲ್ಲ ನೆಲಮಹಡಿ ಮುಟ್ಟಿತು. ಕಟ್ಟಡದ ನಿವಾಸಿಗಳ ಸಂಘಕ್ಕೆ ನಾನು ಕಾರ್ಯದರ್ಶಿ. ಕಳ್ಳತನವಾದರೆ ಎಲ್ಲರಿಗಿಂತ ಮೊದಲು ಓಡಬೇಕಾದವನು ನಾನೇ. ಅರ್ಧ ಗಡ್ಡ ಹೆರೆದಿದ್ದ ಮುಖವನ್ನು ಟವೆಲಿನಲ್ಲಿ ಒರೆಸಿಕೊಂಡು ಹೊರಟೆ. ಓಡಲಿಲ್ಲ. ಕಳವಾದ ಮನೆ ನನ್ನ ಬಾಗಿಲಿನಿಂದ ನಾಲ್ಕೇ ಹೆಜ್ಜೆ.

ಟಪಾಲಪ್ಪ ಬಾಗಿಲಲ್ಲಿ ನಿಂತಿದ್ದ. ಕೈಯಲ್ಲಿ ಹೊಸ ಫೋನು, ಬಗಲಲ್ಲಿ ಹಳೆಯ ರಿಜಿಸ್ಟರ್. ಎರಡನೆಯ ಮಹಡಿಯ ಟೈಲರ್ ಆಗಲೇ ಬಂದು ವಿಚಾರಣೆ ಶುರು ಮಾಡಿದ್ದ.

“ಬೀಗ ಒಡೆದಿದಾರಾ?”

“ಇಲ್ಲ.”

“ಕಿಟಕಿ ಕಿತ್ತಿದಾರಾ?”

“ಇಲ್ಲ.”

“ಮತ್ತೆ ಏನು ಹೋಗಿದೆ ಸಾರ್?”

“ನಮ್ಮಕ್ಕನ ಇಮೇಲು. ಐನೂರ ಅರವತ್ತೆರಡು.”

ಮೆಟ್ಟಿಲ ಮೇಲೆ ಸೇರಿದ್ದ ಜನರ ಉತ್ಸಾಹ ಒಮ್ಮೆಲೇ ಇಳಿಯಿತು. ಕಾವಲುಗಾರ ತನ್ನ ಕೋಲನ್ನು ಗೋಡೆಗೆ ಒರಗಿಸಿದ. ನೆಲಮಹಡಿಯ ಅಜ್ಜಿ ಮಾತ್ರ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಲಿಲ್ಲ. “ಅಷ್ಟೊಂದು ಅಂದ್ರೆ ಒಬ್ಬನ ಕೈಯಲ್ಲಿ ಹೊತ್ತುಕೊಂಡು ಹೋಗೋಕೆ ಆಗಲ್ಲಪ್ಪ. ಕನಿಷ್ಠ ಇಬ್ಬರು ಬಂದಿರಬೇಕು” ಅಂದರು. ಕಾವಲುಗಾರ ಕೋಲನ್ನು ಮತ್ತೆ ಕೈಗೆ ತೆಗೆದುಕೊಂಡ.

ಟಪಾಲಪ್ಪನ ನಿಜವಾದ ಹೆಸರು ಅವನ ಬಾಗಿಲ ಮೇಲಿನ ಫಲಕದಲ್ಲಿತ್ತು. ಫಲಕ ಬಿದ್ದು ಒಂಬತ್ತು ವರ್ಷವಾಯಿತು. ನೀರು ಸರಬರಾಜು ಕಚೇರಿಯಲ್ಲಿ ಅವನು ಮೂವತ್ತನಾಲ್ಕು ವರ್ಷ ಮಾಡಿದ್ದು ಒಂದೇ ಕೆಲಸ: ಬಂದ ಕಾಗದಕ್ಕೆ ನಂಬರು ಹಾಕಿ ಒಳಗೆ ಕಳಿಸುವುದು, ಹೋಗುವ ಕಾಗದಕ್ಕೆ ನಂಬರು ಹಾಕಿ ಹೊರಗೆ ಕಳಿಸುವುದು. ಆ ಸೇವಾವಧಿಯಲ್ಲಿ ಒಂದು ಕಾಗದವೂ ಕಳೆದಿಲ್ಲ ಎಂಬುದು ಅವನ ಜೀವನದ ಏಕೈಕ ಜಂಬ. ಅವನದೇ ಒಂದು ಸಿದ್ಧಾಂತವೂ ಇತ್ತು. “ಕಾಗದ ಒಂದೇ ಕಡೆ ಇರಬೇಕು ಕಾರ್ಯದರ್ಶಿಗಳೇ. ಎರಡು ಕಡೆ ಇದ್ರೆ ಯಾರೂ ಜವಾಬ್ದಾರರಲ್ಲ” ಎಂದು ನನಗೆ ಕನಿಷ್ಠ ನೂರು ಸಲ ಹೇಳಿದ್ದ.

ಅವನು ಮದುವೆಯಾಗಲಿಲ್ಲ. ಸಣ್ಣವನಿದ್ದಾಗಲೇ ತಾಯಿ ತೀರಿಕೊಂಡು, ಅವನನ್ನು ಎತ್ತಿ ಆಡಿಸಿ ಬೆಳೆಸಿದವಳು ಅಕ್ಕ. ಮದುವೆಯಾಗಿ ಅವಳು ದೂರದ ಊರಿಗೆ ಹೋದಳು. ಭಾವ ಒಮ್ಮೆ ನಾಲ್ಕು ಜನರೆದುರು, “ನಮ್ಮ ಬಾಮೈದನದು ಕಾಗದ ಎಣಿಸೋ ಕೆಲಸ” ಅಂದುಬಿಟ್ಟರಂತೆ. ಅಂದಿನಿಂದ ಇಂದಿನವರೆಗೆ, ಲೆಕ್ಕ ಹಾಕಿದರೆ ಇಪ್ಪತ್ತಾರು ವರ್ಷ, ಟಪಾಲಪ್ಪ ಭಾವನ ಹತ್ತಿರ ಮಾತಾಡಿರಲಿಲ್ಲ.

ಸುಮಾರು ಹನ್ನೆರಡು ವರ್ಷದ ಹಿಂದೆ ಅಕ್ಕನಿಂದ ಇಮೇಲ್ ಬರಲು ಶುರುವಾಯಿತು. ಪ್ರತಿ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ. ಅವನು ಒಂಬತ್ತಕ್ಕೇ ಸ್ನಾನ ಮಾಡಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಮನೆಯಲ್ಲಿದ್ದ ಒಂದೇ ಕುರ್ಚಿಯಲ್ಲಿ ಕಂಪ್ಯೂಟರಿನ ಮುಂದೆ ಕೂರುತ್ತಿದ್ದ. ಓದಿದ ಮೇಲೆ ರಿಜಿಸ್ಟರಿನಲ್ಲಿ ಬರೆಯುತ್ತಿದ್ದ: ನಂಬರು, ತಾರೀಕು, ಯಾರಿಂದ, ಎಲ್ಲಿ ಇಟ್ಟಿದೆ. ಕೊನೆಯ ಅಂಕಣದಲ್ಲಿ ಪ್ರತಿ ಸಾಲಿಗೂ ಒಂದೇ ಮಾತು, ‘ನನ್ನ ಹತ್ತಿರ’. ಮಧ್ಯೆ ಒಂದು ವರ್ಷ ಹತ್ತು ವಾರ ಕಾಗದ ಬರಲಿಲ್ಲ. ಆ ಹತ್ತು ಸಾಲು ಖಾಲಿ ಬಿಟ್ಟು, ಪಕ್ಕದಲ್ಲಿ ‘ಅಕ್ಕ ಮುನಿಸಿಕೊಂಡಿರಬಹುದು’ ಎಂದು ಕೆಂಪು ಶಾಯಿಯಲ್ಲಿ ಬರೆದಿದ್ದ. ಯಾವ ತಪ್ಪಿಗೆ ಎಂದು ತಿಳಿಯದೆ ಆಗ ಹತ್ತು ಕ್ಷಮಾಪಣೆ ಪತ್ರ ಕಳಿಸಿದ್ದನಂತೆ.

ಎಂಟು ತಿಂಗಳ ಹಿಂದೆ ಅಕ್ಕ ತೀರಿಹೋದಳು. ಇವನು ಹೋಗಿ ಅಲ್ಲಿ ಒಂದು ಮೂಲೆಯಲ್ಲಿ ನಿಂತು, ಯಾರ ಹತ್ತಿರವೂ ಮಾತಾಡದೆ ವಾಪಸ್ ಬಂದ. ಆಮೇಲೆ ಭಾನುವಾರ ಹತ್ತು ಗಂಟೆಗೆ ಹಳೆಯ ಕಾಗದಗಳನ್ನೇ ಒಂದನೇ ನಂಬರಿನಿಂದ, ವಾರಕ್ಕೊಂದರಂತೆ ಓದಲು ಹಿಡಿದ. ನಮ್ಮಿಬ್ಬರ ಮನೆಗೆ ನಡುಗೋಡೆ ಒಂದೇ. ಒಂಟಿ ಮನುಷ್ಯ ಒಬ್ಬನೇ ಕೂತು ನಗುವುದು ನಮಗೆ ಕೇಳಿಸುತ್ತಿತ್ತು. ನನ್ನ ಹೆಂಡತಿ ಆ ಹೊತ್ತಿಗೆ ಮಿಕ್ಸಿ ನಿಲ್ಲಿಸುತ್ತಿದ್ದಳು.

ಇನ್ನು ಈ ಕಳ್ಳತನದ ಪೀಠಿಕೆ. ಹಿಂದಿನ ಸೋಮವಾರ ಟಪಾಲಪ್ಪ ಹೊಸ ಫೋನು ಕೊಂಡ. ಉದ್ಯಾನದ ಬೆಂಚಿನ ಮೇಲೆ ಅದನ್ನು ಎಲ್ಲರಿಗೂ ತೋರಿಸಿ, “ಇನ್ನು ಮೇಲೆ ನಮ್ಮಕ್ಕನ ಅಷ್ಟೂ ಕಾಗದ ಈ ಜೇಬಿನಲ್ಲಿ” ಎಂದು ಜೇಬು ತಟ್ಟಿಕೊಂಡ. ಹಾಗಾದರೆ ಹಳೆಯ ಕಂಪ್ಯೂಟರು ಏನು ಮಾಡುತ್ತೀರಿ ಎಂದು ಕೇಳಿದವನು ನಾನು. ಸಂಘದ ನೋಟೀಸು ಬರೆಯಲು ನಮಗೊಂದು ಕಂಪ್ಯೂಟರು ಬೇಕಿತ್ತು. ಅವನು ಹಿಂದೆಮುಂದೆ ನೋಡಿದ. ಆಗ ನಾನು, ಕಚೇರಿಯಲ್ಲಿ ಅರ್ಧ ದಿನ ಕಂಪ್ಯೂಟರ್ ತರಬೇತಿ ಪಡೆದವನು, ಸರ್ಟಿಫಿಕೇಟು ಹೊಂದಿದವನು, ಹೀಗೆಂದೆ: “ಸಾರ್, ಕಂಪ್ಯೂಟರು ಬರೀ ಕಿಟಕಿ. ಕಾಗದ ಎಲ್ಲ ಮೇಲೆ ಸರ್ವರ್‌ನಲ್ಲಿರುತ್ತೆ. ಈ ಕಿಟಕಿ ಮುಚ್ಚಿ ಆ ಕಿಟಕಿಯಿಂದ ನೋಡಿದ್ರೂ ಅದೇ ಕಾಗದ.” ನನ್ನ ಮಾತಿಗೆ ಬೆಂಚಿನವರೆಲ್ಲ ತಲೆದೂಗಿದರು. ಮಂಗಳವಾರ ಕಂಪ್ಯೂಟರು ಸಂಘಕ್ಕೆ ಬಂತು.

ಭಾನುವಾರ ಹತ್ತಕ್ಕೆ ಇಸ್ತ್ರಿ ಅಂಗಿ ಹಾಕಿಕೊಂಡು ಅವನು ಫೋನು ತೆರೆದ. ಅದರಲ್ಲಿ ಮೂರು ಪತ್ರಗಳಿದ್ದವು. ಒಂದು ಕಂಬಳಿ ಮಾರಾಟದ್ದು, ಇನ್ನೊಂದು ಕೂದಲು ಉದುರುವುದಕ್ಕೆ ಸಂಬಂಧಿಸಿದ್ದು, ಮೂರನೆಯದು ‘ನಿಮ್ಮ ಹೊಸ ಫೋನಿಗೆ ಸ್ವಾಗತ’.

ಮಾರನೆಯ ದಿನ ಪೊಲೀಸ್ ಠಾಣೆಗೆ ಹೋದೆವು. ಸಾಕ್ಷಿಗೆಂದು ನನ್ನನ್ನೂ ಕರೆದುಕೊಂಡು ಹೋದ. ದೂರು ಬರೆದುಕೊಳ್ಳುವ ಪೊಲೀಸಿನವರು ನಿವೃತ್ತಿಗೆ ಹತ್ತಿರವಾದ, ಯಾವುದಕ್ಕೂ ಅಚ್ಚರಿಪಡದ ಮನುಷ್ಯ.

“ಕಳೆದ ಮಾಲಿನ ಬಣ್ಣ?”

“ಬಣ್ಣ ಇಲ್ಲ ಸ್ವಾಮಿ.”

“ತೂಕ?”

“ತೂಕಾನೂ ಇಲ್ಲ.”

“ಗುರುತು ಏನಾದ್ರೂ ಇದೆಯಾ?”

“ಪ್ರತಿಯೊಂದರ ಕೊನೆಗೂ ‘ಹೊತ್ತಿಗೆ ಸರಿಯಾಗಿ ಊಟ ಮಾಡು’ ಅಂತ ಇರುತ್ತೆ.”

ಪೊಲೀಸಿನವರು ಒಂದು ಕ್ಷಣ ಪೆನ್ನು ಕೆಳಗಿಟ್ಟರು. ಮತ್ತೆ ಎತ್ತಿಕೊಂಡು, “ಯಾರ ಮೇಲಾದ್ರೂ ಅನುಮಾನ?” ಅಂದರು.

“ಇದೆ. ನಮ್ಮ ಭಾವ. ಅಕ್ಕ ಹೋದ ಮೇಲೆ ಸಿಟ್ಟಿಗೆ ಅವರೇ ಎಲ್ಲಾ ಎಳೆದುಕೊಂಡಿದಾರೆ.”

“ಅಲ್ಲ ಸಾರ್...” ಅಂತ ನಾನು ಬಾಯಿ ಹಾಕಿದೆ.

“ನೀವು ಸುಮ್ಮನಿರಿ, ನೀವು ಸಾಕ್ಷಿ” ಅಂದರು ಪೊಲೀಸಿನವರು. ಭಾವನ ಹೆಸರು, ಊರು, ಫೋನು ನಂಬರು ಬರೆದುಕೊಂಡರು. ಇಪ್ಪತ್ತಾರು ವರ್ಷ ಮಾತು ಬಿಟ್ಟ ಮನುಷ್ಯನ ನಂಬರನ್ನು ಟಪಾಲಪ್ಪ ಪುಸ್ತಕ ನೋಡದೆ, ಒಂದೇ ಉಸಿರಿಗೆ ಹೇಳಿದ. ಅದು ಅಕ್ಕನ ಮನೆಯ ನಂಬರೂ ಹೌದಲ್ಲ.

ಮಂಗಳವಾರ ಅವನಿಗೆ ಇಂಟರ್‌ನೆಟ್ ಸಂಪರ್ಕವನ್ನೂ ಇಮೇಲನ್ನೂ ಕೊಟ್ಟ ಕಂಪನಿಯ ಕಚೇರಿಗೆ ಹೋದೆವು. ನಾನು ಮೇಜಿನ ಮೇಲೆ ಕೈಯೂರಿ, ಸರ್ವರ್‌ನಲ್ಲಿ ಇರಬೇಕಾದ ಕಾಗದ ಎಲ್ಲಿ ಎಂದು ಸ್ವಲ್ಪ ಜೋರಾಗಿಯೇ ಕೇಳಿದೆ. ಅಲ್ಲಿದ್ದ ಅಧಿಕಾರಿ ಪರದೆ ನೋಡಿ, “ನಮ್ಮಲ್ಲಿ ಏನೂ ಇಲ್ಲ. ಬಂದಿದ್ದೆಲ್ಲಾ ನಿಮಗೆ ತಲುಪಿದೆ” ಅಂದ.

“ತಲುಪಿದ್ದು ನಿಜ. ಆದ್ರೆ ನಿಮ್ಮಲ್ಲಿ ಒಂದು ಪ್ರತಿ ಇರಬೇಕಲ್ಲ?” ಅಂದ ಟಪಾಲಪ್ಪ.

“ಎಲ್ಲರದೂ ಇರುತ್ತೆ. ನಿಮ್ಮದು ಇರಲ್ಲ” ಎಂದು ಆತ ಒಳಗೆ ಹೋಗಿ, ಪ್ಲಾಸ್ಟಿಕ್ ಹಾಳೆಯೊಳಗೆ ಜೋಪಾನವಾಗಿಟ್ಟ ಒಂದು ಕಾಗದ ತಂದು ಮೇಜಿನ ಮೇಲಿಟ್ಟ. ಸುಮಾರು ಹನ್ನೆರಡು ವರ್ಷದ ಹಿಂದಿನದು. ಮೂಲೆಯಲ್ಲಿ, ಹೊರಗೆ ಹೋಗುವ ಕಾಗದಕ್ಕೆ ಹಾಕುವ ಜಾವಕ ನಂಬರು ಬೇರೆ. ‘ಮಾನ್ಯರೇ, ನನಗೆ ಬರುವ ಪತ್ರಗಳನ್ನು ನಾನು ಪಡೆದುಕೊಂಡ ಕೂಡಲೇ ಅವುಗಳ ಯಾವ ಪ್ರತಿಯನ್ನೂ ತಮ್ಮಲ್ಲಿ ಉಳಿಸಿಕೊಳ್ಳಕೂಡದು. ಕುಟುಂಬದ ಮಾತು ಪರರ ಕಪಾಟಿನಲ್ಲಿರುವುದು ಉಚಿತವಲ್ಲ. ಹೀಗೆ ಮಾಡಿದ ಬಗ್ಗೆ ಹಿಂಬರಹ ನೀಡತಕ್ಕದ್ದು.’

“ಇಂಥ ಅರ್ಜಿ ಇಷ್ಟು ವರ್ಷದಲ್ಲಿ ನಿಮ್ಮೊಬ್ಬರದೇ. ಹೊಸಬರಿಗೆ ತೋರಿಸೋಕೆ ಅಂತ ಇಟ್ಟುಕೊಂಡಿದೀವಿ” ಅಂದ ಅಧಿಕಾರಿ.

ಟಪಾಲಪ್ಪ ಅದನ್ನು ಎರಡು ಸಲ ಓದಿದ. ಕಾಗದ ಕ್ರಮಬದ್ಧವಾಗಿತ್ತು. ತಾರೀಕಿತ್ತು, ಸಹಿಯಿತ್ತು, ನಂಬರಿತ್ತು. ಕ್ರಮಬದ್ಧವಾದ ಕಾಗದದ ವಿರುದ್ಧ ವಾದ ಮಾಡುವುದು ಅವನಿಂದ ಸಾಧ್ಯವಿರಲಿಲ್ಲ.

ಬುಧವಾರ ಕಂಪ್ಯೂಟರು ರಿಪೇರಿ ಅಂಗಡಿ. ಅಲ್ಲಿಗೆ ಹೋಗುವುದು ಬೇಡವೆಂದು ನಾನು ದಾರಿಯುದ್ದಕ್ಕೂ ಹೇಳಿದೆ. ಅಂಗಡಿಯ ಯಜಮಾನಿ ಕನ್ನಡಕವನ್ನು ತಲೆಗೇರಿಸಿಕೊಂಡು ಯಾವುದೋ ತಂತಿ ಬೆಸೆಯುತ್ತಿದ್ದಳು. ತಲೆಯೆತ್ತದೆಯೇ ಕಥೆಯೆಲ್ಲ ಕೇಳಿದಳು.

“ಇಮೇಲ್‌ನಲ್ಲಿ ಎರಡು ಥರ ಇದೆ ಸಾರ್. ಒಂದರಲ್ಲಿ ಕಾಗದ ಸರ್ವರ್‌ನಲ್ಲೇ ಇರುತ್ತೆ. ನೀವು ಫೋನಿಂದಾದ್ರೂ ನೋಡಿ, ಕಂಪ್ಯೂಟರಿಂದಾದ್ರೂ ನೋಡಿ, ಅದೇ ಕಾಣ್ಸುತ್ತೆ. ಇನ್ನೊಂದರಲ್ಲಿ ಕಾಗದ ಇಳಿದು ನಿಮ್ಮ ಕಂಪ್ಯೂಟರೊಳಗೇ ಬಂದು ಕೂತುಬಿಡುತ್ತೆ, ಸರ್ವರ್‌ನಲ್ಲಿ ಅಳಿಸಿಹೋಗುತ್ತೆ. ನೀವು ಹೇಳಿ ಮಾಡಿಸಿಕೊಂಡಿರೋದು ಎರಡನೇದು.”

“ಅಂದ್ರೆ ನಮ್ಮಕ್ಕನ ಕಾಗದ...”

“ಎಲ್ಲೂ ಹೋಗಿಲ್ಲ. ಹಳೇ ಕಂಪ್ಯೂಟರಲ್ಲೇ ಇದೆ. ತಂದುಕೊಡಿ, ಹತ್ತು ನಿಮಿಷದ ಕೆಲಸ.”

ಟಪಾಲಪ್ಪನ ಮುಖ ಅರಳಿತು. ಅಷ್ಟು ಅರಳಿದ್ದನ್ನು ನಾನು ಹಿಂದೆ ನೋಡಿರಲಿಲ್ಲ. “ಭದ್ರವಾಗಿದೆಯಮ್ಮ. ಇವರ ಹತ್ತಿರಾನೇ ಇದೆ” ಎಂದು ನನ್ನ ಭುಜದ ಮೇಲೆ ಕೈಯಿಟ್ಟ.

ಅವಳು ಕನ್ನಡಕವನ್ನು ತಲೆಯಿಂದ ಮೂಗಿಗೆ ಇಳಿಸಿ ನನ್ನನ್ನು ನೋಡಿದಳು. “ಹೋದ ಗುರುವಾರ ಬಂದಿದ್ದು ನೀವೇ ಅಲ್ವಾ ಸಾರ್? ಹಳೇ ಕಸ ಎಲ್ಲಾ ಒರೆಸಿ ಹೊಸದರ ಥರ ಮಾಡಿಕೊಡಿ ಅಂದಿದ್ರಲ್ಲ. ಬೇಕಾಗಿದ್ದು ಏನಾದ್ರೂ ಇದೆಯಾ ಅಂತಾನೂ ಕೇಳಿದ್ದೆ. ಬರೀ ಕಿಟಕಿ, ಒರೆಸಮ್ಮ ಅಂದ್ರಿ.”

ಕಂಪ್ಯೂಟರನ್ನು ತರಿಸಿದೆವು. ಅವಳು ಸಂಜೆಯವರೆಗೆ ಅದರೊಳಗೆ ಹುಡುಕಿದಳು. ಒರೆಸಿದ ಜಾಗದ ಮೇಲೆ ನಾನು ಹುರುಪಿನಿಂದ ಏನೇನೋ ತುಂಬಿದ್ದೆ. ಸಿಕ್ಕಿದ್ದೆಲ್ಲ ‘ನೀರಿನ ತೊಟ್ಟಿ ತೊಳೆಯುವ ಬಗ್ಗೆ ಪ್ರಕಟಣೆ’, ಏಳು ಪ್ರತಿ.

ನನಗೆ ಬೈದಿದ್ದರೆ ಚೆನ್ನಾಗಿತ್ತು. ಮೆಟ್ಟಿಲಲ್ಲಿ ನಿಲ್ಲಿಸಿ ನಾಲ್ಕು ಜನರ ಮುಂದೆ ಮಾನ ಕಳೆದಿದ್ದರೆ ಇನ್ನೂ ಚೆನ್ನಾಗಿತ್ತು. ಅವನು ಮಾತ್ರ, “ನೀವು ಒಳ್ಳೇದಕ್ಕೇ ಹೇಳಿದ್ರಿ ಬಿಡಿ” ಎಂದ. ಮನೆಗೆ ಬಂದು ಕೂತ ಮೇಲೆ ನಾನು ಅನ್ನ ಕಲಸಿದವನು ಹಾಗೇ ಕೂತಿದ್ದೆ. ನನ್ನ ಹೆಂಡತಿ, “ಅವರು ಬೈದಿಲ್ವಲ್ಲ, ಅವರ ಪಾಲಿಂದು ನಾನು ಬೈತೀನಿ” ಎಂದು ಆ ಕೆಲಸವನ್ನು ಅಚ್ಚುಕಟ್ಟಾಗಿ ಮುಗಿಸಿದಳು.

ನಾವು ಹೊರಡುವಾಗ ರಿಪೇರಿಯವಳು ಒಂದು ಮಾತು ಹೇಳಿದ್ದಳು: “ಕಳಿಸಿದವರ ಕಡೆ ಒಂದು ಪ್ರತಿ ಉಳಿದಿರುತ್ತೆ ಸಾರ್. ನಿಮ್ಮಕ್ಕನ ಮನೇಲಿ ಕೇಳಿ ನೋಡಿ.” ಅಕ್ಕನ ಮನೆಯಲ್ಲಿ ಈಗ ಇರುವವರು ಭಾವ ಒಬ್ಬರೇ. ಆ ಭಾವನ ಮೇಲೆ ಇವನು ಎರಡು ದಿನದ ಹಿಂದೆ ಕಳ್ಳತನದ ದೂರು ಕೊಟ್ಟಿದ್ದ. ಜಗತ್ತಿನಲ್ಲಿ ಆ ಕಾಗದಗಳು ಯಾರ ಹತ್ತಿರ ಉಳಿದಿರಬಹುದೋ ಆ ಒಬ್ಬನೇ ಮನುಷ್ಯನನ್ನು ಹುಡುಕಿ ದೂರು ಕೊಟ್ಟಂತಾಗಿತ್ತು.

“ಯಾವ ಮುಖ ಇಟ್ಟುಕೊಂಡು ಕೇಳಲಿ ಕಾರ್ಯದರ್ಶಿಗಳೇ?” ಅಂದ ಟಪಾಲಪ್ಪ. ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಗುರುವಾರ, ಶುಕ್ರವಾರ ಹಾಲಿನ ಚೀಲ ಬಾಗಿಲಲ್ಲೇ ನೇತಾಡುತ್ತಿತ್ತು. ಏನೋ ನೆಪ ಮಾಡಿಕೊಂಡು ನಾನು ಒಳಗೆ ಹೋದಾಗ ಮೇಜಿನ ಮೇಲೆ ಕಂಪ್ಯೂಟರು ಇದ್ದ ಜಾಗದಲ್ಲಿ ಧೂಳಿಲ್ಲದ ಒಂದು ಚೌಕ ಕಂಡಿತು. ಅವನು ಆ ಚೌಕದ ಎದುರಿಗೆ ಕುರ್ಚಿ ಹಾಕಿಕೊಂಡು ಕೂತಿದ್ದ.

“ನೂರ ಹನ್ನೆರಡನೇ ನಂಬರಿನಲ್ಲಿ ಅಕ್ಕ ಒಂದು ಬೆಕ್ಕಿನ ವಿಷಯ ಬರೆದಿದ್ಲು. ಆ ಬೆಕ್ಕಿಗೆ ಏನೋ ಹೆಸರಿಟ್ಟಿದ್ಲು. ನೆನಪಾಗ್ತಾ ಇಲ್ಲ” ಅಂದ. ನನಗೆ ಅಲ್ಲಿ ನಿಲ್ಲಲು ಆಗಲಿಲ್ಲ.

ಶನಿವಾರ ನಾನೇ ಠಾಣೆಗೆ ಓಡಿದೆ. ಈ ಸಲ ನಿಜವಾಗಿಯೂ ಓಡಿದೆ. ತಪ್ಪು ನನ್ನದು, ದೂರು ವಾಪಸ್ ತೆಗೆದುಕೊಳ್ಳಿ ಎಂದು ಏದುಸಿರು ಬಿಡುತ್ತ ಹೇಳಿದೆ.

“ತಡ ಮಾಡಿದ್ರಿ. ನಿನ್ನೇನೇ ಅವರಿಗೆ ಫೋನ್ ಮಾಡಿ ವಿಚಾರಣೆ ಮಾಡಿ ಆಯ್ತು” ಅಂದರು ಪೊಲೀಸಿನವರು.

“ಏನಂದ್ರು?”

“ಕಾಗದ ನಿಮ್ಮ ಹತ್ತಿರ ಇವೆಯಾ ಅಂದೆ. ಹೌದು, ಅಷ್ಟೂ ನನ್ನ ಹತ್ತಿರಾನೇ ಇವೆ ಅಂದ್ರು. ಇಷ್ಟು ವರ್ಷದ ಸರ್ವಿಸಿನಲ್ಲಿ ಇಷ್ಟು ಬೇಗ ಒಪ್ಪಿಕೊಂಡ ಆಸಾಮೀನ ನಾನು ನೋಡಿಲ್ಲ. ಮರ್ಯಾದೆಯಾಗಿ ಮಾಲು ವಾಪಸ್ ಕೊಡಿ ಅಂತ ಹೇಳಿ, ನಿಮ್ಮವರ ಹೊಸ ನಂಬರು ಕೊಟ್ಟಿದೀನಿ.”

ಈ ಸಂಗತಿಯನ್ನು ಟಪಾಲಪ್ಪನಿಗೆ ಹೇಳುವ ಧೈರ್ಯ ನನಗೆ ಬರಲಿಲ್ಲ. ಭಾನುವಾರ ಬೆಳಿಗ್ಗೆ ಒಂಬತ್ತೂ ಮುಕ್ಕಾಲಿಗೆ ಹೆಂಡತಿ ನನ್ನನ್ನು ಪಕ್ಕದ ಮನೆಗೆ ದಬ್ಬಿದಳು. ಟಪಾಲಪ್ಪ ಇಸ್ತ್ರಿ ಅಂಗಿ ಹಾಕಿಕೊಂಡು ಖಾಲಿ ಚೌಕದ ಮುಂದೆ ಕೂತಿದ್ದ. ಅಭ್ಯಾಸ ಬಲ. ನಾನು ಕಿಟಕಿಗೆ ಒರಗಿ ನಿಂತು, ಹೇಳಲೋ ಬೇಡವೋ ಎಂದು ಬಾಯಿ ತೆರೆದು ಮುಚ್ಚುತ್ತಿದ್ದೆ.

ಸರಿಯಾಗಿ ಹತ್ತಕ್ಕೆ ಮನೆಯಲ್ಲಿ ಎಲ್ಲೋ ಒಂದು ಸದ್ದಾಯಿತು. ಅವನು ಮೊದಲು ಅಡುಗೆಮನೆಯ ಕಡೆ ನೋಡಿದ, ಆಮೇಲೆ ಬಾಗಿಲ ಕಡೆ. ಅದು ಅವನ ಜೇಬಿನ ಫೋನು. ಕೊಂಡು ಎರಡು ವಾರವಾದರೂ ಅದು ರಿಂಗಾದದ್ದನ್ನು ಅವನು ಕೇಳಿರಲಿಲ್ಲ, ಏಕೆಂದರೆ ಅದಕ್ಕೆ ಯಾರೂ ಫೋನ್ ಮಾಡಿರಲಿಲ್ಲ. ಗಾಬರಿಯಲ್ಲಿ ಏನನ್ನೋ ಒತ್ತಿದ. ಧ್ವನಿ ಕೋಣೆಯ ತುಂಬ ಕೇಳಿಸಿತು.

“ನಾನಪ್ಪ. ನಿಮ್ಮ ಭಾವ.”

ಟಪಾಲಪ್ಪ ಎದ್ದು ನಿಂತ.

“ಪೊಲೀಸಿನವರು ಮಾಲು ವಾಪಸ್ ಕೊಡು ಅಂದ್ರು. ಎಲ್ಲಾ ಇದೆ. ನಾನು ಯಾವುದನ್ನೂ ಅಳಿಸಿಲ್ಲ. ಅಳಿಸೋದು ಹೇಗೆ ಅಂತ ನನಗೆ ಗೊತ್ತೂ ಇಲ್ಲ.” ಆ ಕಡೆ ಒಂದು ಕೆಮ್ಮು. “ನಿನಗೆ ಒಂದು ವಿಷಯ ಹೇಳಬೇಕು. ಅವಳಿಗೆ ಆ ಸಣ್ಣ ಅಕ್ಷರ ಕಾಣ್ತಿರಲಿಲ್ಲ. ಹನ್ನೊಂದು ವರ್ಷ ಅವಳು ಹೇಳ್ತಾ ಇದ್ಲು, ನಾನು ಟೈಪ್ ಮಾಡ್ತಾ ಇದ್ದೆ. ನನ್ನ ಕೈ ಅಂತ ಗೊತ್ತಾದ್ರೆ ನೀನು ಬರೆಯೋದು ನಿಲ್ಲಿಸ್ತೀಯ ಅಂತ, ಹೇಳಬೇಡಿ ಅಂದಿದ್ಲು.”

ಟಪಾಲಪ್ಪ ಮೆಲ್ಲಗೆ ರಿಜಿಸ್ಟರ್ ಎಳೆದುಕೊಂಡ. ಕೆಂಪು ಶಾಯಿಯ ಪುಟ ತೆಗೆದ.

“ಮಧ್ಯೆ ಹತ್ತು ವಾರ ಬಂದಿರಲಿಲ್ಲ” ಅಂದ. ಇಪ್ಪತ್ತಾರು ವರ್ಷದ ಮೇಲೆ ಭಾವನಿಗೆ ಅವನು ಆಡಿದ ಮೊದಲ ಮಾತು ಅದು.

“ಬಲಗೈ ಮುರಿದಿತ್ತು. ನೀನು ಕಳಿಸಿದ ಹತ್ತು ಕ್ಷಮಾಪಣೇನೂ ನಾನೇ ಓದಿ ಹೇಳ್ದೆ. ಪಾಪ ಅವನೇನು ತಪ್ಪು ಮಾಡಿದಾನೆ ಅಂತ ಅವಳು ನನ್ನ ಮೇಲೇ ರೇಗಾಡಿದ್ಲು.”

“ಅಕ್ಕ ನಿಮ್ಮ ಮೇಲೆ ದೂರು ಬರೀತಿದ್ಲಲ್ಲ. ಒದ್ದೆ ಟವೆಲು ಹಾಸಿಗೆ ಮೇಲೆ ಹಾಕ್ತಾರೆ ಅಂತ.”

“ಅದನ್ನೂ ನಾನೇ ಟೈಪ್ ಮಾಡ್ದೆ. ಒಂದು ಅಕ್ಷರ ಬಿಡದೆ.”

“ನಾನು ಬರೀತಿದ್ದ ಉತ್ತರ...”

“ನಿಮ್ಮ ಯಜಮಾನರಿಗೆ ಬುದ್ಧಿ ಮಂಡಿಯಲ್ಲಿದೆ ಅಂತ ಬರೆದಿದ್ದೆಯಲ್ಲ, ಅದನ್ನ ಮೂರು ಸಲ ಓದಿಸಿದ್ಲು. ನಕ್ಕು ನಕ್ಕು ಕಣ್ಣಲ್ಲಿ ನೀರು ಅವಳಿಗೆ.”

ಪರರ ಫೋನು ಕೇಳುತ್ತ ನಿಲ್ಲುವುದು ಸಭ್ಯತೆಯಲ್ಲವೆಂದು ನನಗೂ ಗೊತ್ತು. ಆದರೆ ಕಾಲು ಕೀಳಲಿಲ್ಲ.

“ಒಂದೇ ಸಲಕ್ಕೆ ಎಲ್ಲಾ ಕಳಿಸಿಬಿಡಬಹುದಂತೆ. ಇಲ್ಲಿ ಪಕ್ಕದ ಮನೆಯವರು ತೋರಿಸಿಕೊಡ್ತೀನಿ ಅಂದಿದಾರೆ. ಕಳಿಸಲಾ?” ಎಂದರು ಭಾವ.

ಟಪಾಲಪ್ಪ ಮೇಜಿನ ಮೇಲಿನ ಚೌಕವನ್ನು ನೋಡಿದ. ಮೇಜಿನ ಮೇಲೆ ಅಂಗೈಯಿಟ್ಟು, ಇದ್ದದ್ದನ್ನೂ ಇಲ್ಲದ್ದನ್ನೂ ಒಮ್ಮೆ ಸವರಿದ.

“ಬೇಡ. ನೀವೇ ಓದಿ ಹೇಳಿ. ವಾರಕ್ಕೊಂದು.”

“ವಾರಕ್ಕೊಂದು ಅಂದ್ರೆ ಮುಗಿಯೋಕೆ ಹನ್ನೊಂದು ವರ್ಷ ಬೇಕಲ್ಲೋ.”

“ನಿಮಗೇನಾದ್ರೂ ಅವಸರ ಇದೆಯಾ ಭಾವ?”

“ನನಗೆ ಯಾವ ಅವಸರ” ಅಂದರು ಭಾವ. “ಈ ಮನೇಲಿ ಈಗ ನಾನೊಬ್ಬನೇ. ಟವೆಲು ಎಲ್ಲಿ ಹಾಕಿದ್ರೂ ಕೇಳೋರಿಲ್ಲ. ಹೇಳು, ಯಾವ ನಂಬರಿಂದ ಓದಲಿ?”

“ನೂರ ಹನ್ನೆರಡು. ಬೆಕ್ಕಿಂದು.”

ಭಾವ ಕನ್ನಡಕ ಹುಡುಕುವ ಸದ್ದು ಕೇಳಿಸಿತು. ಟಪಾಲಪ್ಪ ಕುರ್ಚಿಯಲ್ಲಿ ಕೂತು, ರಿಜಿಸ್ಟರಿನಲ್ಲಿ ನೂರ ಹನ್ನೆರಡನೆಯ ಸಾಲು ಹುಡುಕಿ, ಕೊನೆಯ ಅಂಕಣದಲ್ಲಿದ್ದ ‘ನನ್ನ ಹತ್ತಿರ’ ಎಂಬುದನ್ನು ಸ್ಕೇಲು ಹಿಡಿದು ನೇರವಾಗಿ ಹೊಡೆದುಹಾಕಿದ. ಅದರ ಮೇಲೆ ಸಣ್ಣ ಅಕ್ಷರದಲ್ಲಿ, ಕ್ರಮಬದ್ಧವಾಗಿ, ಚಿಕ್ಕ ಸಹಿಯೊಂದಿಗೆ ಬರೆದ: ‘ಭಾವನ ಹತ್ತಿರ’.